ಮುದುಕಿಗೆ ಊಟ ಹಾಕಬೇಡ

ಫೆಬ್ರವರಿ 3

ಪ್ರೀತಿಯ ಅಕ್ಕನಿಗೆ,

ಫೋನು ಮಾಡದೆ ಕಾಗದ ಬರೆದಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಅಂಗಡಿಗೆ ಬಂದವರ ಜೊತೆ ಮಾತಿಗೆ ತೊಡಗಿರುತ್ತೀಯ. ಹೋದ ಸಲವಂತೂ ಯಾರದೋ ಮೊಣಕಾಲು ನೋವಿನ ಕಥೆ ಪೂರ್ತಿ ಕೇಳಿ ಫೋನಿಟ್ಟೆ. ಈ ಸಲ ನಾನು ಹೇಳುವುದನ್ನು ನೀನು ಕೂತು ಓದಬೇಕು.

ನನಗೆ ಮುದುಕಿ ಬೇಕು.

ಪೂರ್ತಿ ಅಲ್ಲ, ಒಂದು ಚಮಚ ಸಾಕು. ಅಮ್ಮನ ಕಾಲದಿಂದ ನಿನ್ನ ಬೇಕರಿಯ ಕಪಾಟಿನಲ್ಲಿ, ಪಿಂಗಾಣಿ ಜಾಡಿಯೊಳಗೆ ಕೂತು, ಮುಚ್ಚಳ ತೆಗೆದವರ ಕಣ್ಣಲ್ಲಿ ನೀರು ತರಿಸುವ ಹಿಟ್ಟು. ಒಂದು ಹಿಡಿ ತೆಗೆದು ಹುಳಿ ಬ್ರೆಡ್ಡಿಗೆ ಕಲಸಿ, ತೆಗೆದಷ್ಟೇ ಹೊಸ ಹಿಟ್ಟು ಹಾಕಿ ನೀನು ಮತ್ತೆ ಮುಚ್ಚಿಡುತ್ತೀಯಲ್ಲ, ಅದು. ಅದರಲ್ಲಿರುವ ಯೀಸ್ಟ್ ನನಗೆ ಬೇಕು.

ಶಾಲೆಯ ಕೆಲಸ ಬಿಟ್ಟು ಈ ವಯಸ್ಸಿನಲ್ಲಿ ಸಂಶೋಧನೆಗೆ ಸೇರಿದವಳು ದಿನವಿಡೀ ಏನು ಮಾಡುತ್ತಾಳೆ ಎಂದು ಕೇಳುತ್ತಿರುತ್ತೀಯಲ್ಲ, ಹೇಳುತ್ತೇನೆ. ನಾವಿಲ್ಲಿ ಒಣಹುಲ್ಲನ್ನು ಬೇಯಿಸಿ ಅದರ ಸಕ್ಕರೆಯನ್ನು ರಸಕ್ಕೆ ಬಿಡಿಸುತ್ತೇವೆ. ಆ ರಸಕ್ಕೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಗಾಡಿ ಓಡಿಸುವ ಇಂಧನ ಮಾಡಿಕೊಡಬೇಕು. ಆದರೆ ಹುಲ್ಲು ಬೇಯುವಾಗ ಸಕ್ಕರೆಯ ಜೊತೆ ವಿನೆಗರಿನಲ್ಲಿರುವ ಆಮ್ಲವೂ ಬಿಡುತ್ತದೆ. ಅದು ಬಲು ಸಾಧುವಿನಂತೆ ಯೀಸ್ಟಿನೊಳಗೆ ಸದ್ದಿಲ್ಲದೆ ನುಸುಳುತ್ತದೆ. ಒಳಗೆ ಹೋದ ಮೇಲೆ ಒಡೆದು ಹುಳಿಯನ್ನೆಲ್ಲ ಕಾರುತ್ತದೆ. ನಾವು ಚಿಕ್ಕವರಿದ್ದಾಗ ಮನೆಗೆ ನೀರು ನುಗ್ಗಿತ್ತಲ್ಲ, ಒಲೆ, ಪಾಠ, ಹಾಸಿಗೆ ಎಲ್ಲ ಬಿಟ್ಟು ಮನೆಮಂದಿಯೆಲ್ಲ ಬಕೆಟ್ ಹಿಡಿದಿದ್ದೆವಲ್ಲ, ಯೀಸ್ಟಿನ ಪಾಡೂ ಹಾಗೆಯೇ. ಒಳಗೆ ಬಂದ ಹುಳಿಯನ್ನು ಹೊರಗೆ ಎತ್ತಿ ಹಾಕುವುದರಲ್ಲೇ ಅದರ ಶಕ್ತಿಯೆಲ್ಲ ಮುಗಿಯುತ್ತದೆ. ಬೆಳೆಯುವುದಿಲ್ಲ. ಕೊನೆಗೆ ಸಾಯುತ್ತದೆ.

ಬದುಕಿತೋ ಸತ್ತಿತೋ ತಿಳಿಯುವುದು ಸುಲಭ. ಬದುಕಿದರೆ ಮರಿ ಹಾಕಿ ಹಾಕಿ ಗಾಜಿನ ಫ್ಲಾಸ್ಕಿನ ರಸವನ್ನು ಹಾಲು ಬೆರೆಸಿದ ನೀರಿನಂತೆ ಕದಡುತ್ತದೆ. ಸತ್ತರೆ ರಸ ತಿಳಿಯಾಗಿಯೇ ಉಳಿಯುತ್ತದೆ. ಎಷ್ಟೋ ತಿಂಗಳಿಂದ ನಾನು ತಿಳಿಯಾದ ಫ್ಲಾಸ್ಕುಗಳನ್ನೇ ತೊಳೆಯುತ್ತಿದ್ದೇನೆ.

ಏಪ್ರಿಲ್ ಮೊದಲ ವಾರ ಎಲ್ಲರ ಕೆಲಸದ ಪರಿಶೀಲನೆ ಇದೆ. ಅಷ್ಟರೊಳಗೆ ಒಂದು ಫ್ಲಾಸ್ಕಾದರೂ ಕದಡಬೇಕು. ಇಲ್ಲವಾದರೆ ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು, ಕಿಟಕಿಯ ಪಕ್ಕ ನಾನು ಪ್ರಯೋಗ ಮಾಡುವ ಈ ಬೆಂಚು ಬೇರೆಯವರಿಗೆ. ನನ್ನ ಸಂಶೋಧನೆಯ ಮಾರ್ಗದರ್ಶಿ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರು. ಆದರೆ ಪ್ರತಿದಿನ ಬಂದು ಫ್ಲಾಸ್ಕು ನೋಡಿ ಏನೂ ಅನ್ನದೆ ಹೋಗುತ್ತಾರೆ. ಬೈದರೂ ವಾಸಿ ಅನ್ನಿಸುತ್ತದೆ.

ಹುಳಿಯಲ್ಲೇ ಹುಟ್ಟಿ ಹುಳಿಯಲ್ಲೇ ಬಾಳಿದ ಮುದುಕಿಗೆ ಈ ರಸ ಯಾವ ಲೆಕ್ಕ? ಬೇಗ ಕಳಿಸು. ಭಾವನಿಗೆ ನಮಸ್ಕಾರ.

ನಿನ್ನ ತಂಗಿ


ಫೆಬ್ರವರಿ 9

ತಂಗೀ,

ಕೂತೇ ಓದಿದೆ. ಹುಲ್ಲು, ರಸ, ಆಮ್ಲ ಅಂತ ಇದ್ದ ಕಡೆ ಸ್ವಲ್ಪ ಬೇಗ ಬೇಗ ಓದಿದೆ. ಮನೆಗೆ ನೀರು ನುಗ್ಗಿದ ಕಡೆ ನಿಧಾನವಾಗಿ ಓದಿದೆ. ಮನೆಮಂದಿಯೆಲ್ಲ ಬಕೆಟ್ ಹಿಡಿದೆವು ಅಂತ ಬರೆದಿದ್ದೀಯ. ನೀನು ಮಂಚದ ಮೇಲೆ ಕಾಲು ಮಡಚಿಕೊಂಡು ಪದ್ಯದ ಪುಸ್ತಕ ಓದುತ್ತಿದ್ದೆ. ಬರೆಯುವವರು ಅದನ್ನೂ ಬರೆಯಬೇಕು.

ಮುದುಕಿಯನ್ನು ಇವತ್ತೇ ಪಾರ್ಸೆಲ್ ಮಾಡಿದೆ. ಗಾಜಿನ ಬಾಟಲಿ, ಅದಕ್ಕೆ ಹತ್ತಿ, ಹತ್ತಿಯ ಸುತ್ತ ಟವೆಲು, ಎಲ್ಲಕ್ಕೂ ಒಂದು ಬಿಸ್ಕತ್ತಿನ ಡಬ್ಬ. ನಿನ್ನ ಭಾವ ಬಾಗಿಲಲ್ಲಿ ನಿಂತು ನೋಡಿ, "ಒಂದ್ ಚಮಚ ಹಿಟ್ಟಿಗೆ ಇಷ್ಟೆಲ್ಲಾನಾ? ಮದುವೆ ಮಾಡಿ ಕಳಿಸ್ತಿದೀಯಾ?" ಅಂದರು. ನಮ್ಮ ಮನೆಯಿಂದ ಹೊರಗೆ ಹೋಗುವವರು ಹೇಗೆಂದರೆ ಹಾಗೆ ಹೋಗುವುದಿಲ್ಲ ಅಂದೆ. ಚೆನ್ನಾಗಿ ತಯಾರು ಮಾಡಿಯೇ ಕಳಿಸಿದ್ದೇನೆ. ನಿನ್ನ ಮೇಡಂ ಮುಚ್ಚಳ ತೆಗೆದಾಗ ಮೂಗು ಮುಚ್ಚಿಕೊಳ್ಳುವ ಹಾಗಿರಬಾರದಲ್ಲ.

ಟವೆಲು ವಾಪಸ್ಸು ಕಳಿಸು.

ಅಕ್ಕ


ಫೆಬ್ರವರಿ 24

ಪ್ರೀತಿಯ ಅಕ್ಕನಿಗೆ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮುದುಕಿ ಸುಖವಾಗಿ ಬಂದಳು. ಡಬ್ಬ ಬಿಚ್ಚುವಾಗ ನಾಲ್ಕು ಜನ ಸುತ್ತ ನಿಂತಿದ್ದರು. ನನ್ನ ಪಕ್ಕದ ಬೆಂಚಿನ ಕನ್ನಡಕದ ಹುಡುಗಿ ಟವೆಲಿನ ಹೂವಿನ ಕಸೂತಿ ಯಾರದು ಎಂದು ಕೇಳಿದಳು. ನಿನ್ನದೆಂದೆ.

ಇಲ್ಲಿ ಈಗ ಬೆಳಗಿನ ಬಿಸಿಲು ನೇರವಾಗಿ ನನ್ನ ಬೆಂಚಿನ ಮೇಲೆ ಬೀಳುತ್ತದೆ. ಮುದುಕಿಯ ಯೀಸ್ಟನ್ನು ಹುಲ್ಲಿನ ರಸಕ್ಕೆ ಹಾಕಿ ಆಯಿತು. ಫ್ಲಾಸ್ಕು ಕನ್ನಡಿಯಷ್ಟು ತಿಳಿಯಾಗಿದೆ. ಅದರ ಮೂಲಕ ನೋಡಿದರೆ ಆಚೆಯ ಕಿಟಕಿ ಕಾಣುತ್ತದೆ, ಕಿಟಕಿಯ ಆಚೆ ಸೈಕಲ್ ಸ್ಟ್ಯಾಂಡ್ ಕಾಣುತ್ತದೆ. ಮೇಡಂ ಕೂಡ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

ಇದಕ್ಕಿಂತ ಹೆಚ್ಚಿಗೆ ಏನು ಬರೆಯಲಿ. ನಿನ್ನ ಕೆಮ್ಮು ಹೇಗಿದೆ? ಓವನ್ ಮುಂದೆ ನಿಂತು ಬೆವರಿ ತಕ್ಷಣ ತಣ್ಣೀರು ಕುಡಿಯಬೇಡ.

ನಿನ್ನ ತಂಗಿ


ಮಾರ್ಚ್ 2

ನನ್ನ ಬಂಗಾರದ ತಂಗೀ,

ನನಗೆ ಗೊತ್ತಿತ್ತು. ಕನ್ನಡಿಯಷ್ಟು ತಿಳಿ ಅಂತ ಓದಿದವಳೇ ಹಿಟ್ಟಿನ ಕೈಯಲ್ಲೇ ಬೀದಿಗೆ ಹೋಗಿ ಎದುರಂಗಡಿಯ ಟೈಲರಿಗೆ ಹೇಳಿದೆ. "ತಿಳಿ ಅಂದ್ರೆ ಒಳ್ಳೇದಾ, ಕೆಟ್ಟದ್ದಾ?" ಅಂತ ಕೇಳಿದ, ಬುದ್ಧಿ ಇಲ್ಲದವನು. "ಬಾವಿ ನೀರು ತಿಳಿ ಇದ್ರೆ ಕುಡೀತೀಯೋ, ಕದಡಿದ್ರೆ ಕುಡೀತೀಯೋ?" ಅಂದೆ. ಸೂಜಿಗೆ ದಾರ ಪೋಣಿಸತೊಡಗಿದ.

ಮೇಡಂ ಬಹಳ ಹೊತ್ತು ನೋಡಿದರಂತಲ್ಲ. ನೋಡದೆ ಏನು. ಎಂಥೆಂಥವರು ಮುದುಕಿಯ ಮುಂದೆ ಬಗ್ಗಿದ್ದಾರೆ.

ಅಂಗಡಿಯ ಮುಂದೆ ಬೋರ್ಡು ಹಾಕಿಸಿದ್ದೇನೆ. "ಪ್ರಯೋಗಾಲಯದಲ್ಲಿ ಗೆದ್ದ ಹಿಟ್ಟಿನ ಬ್ರೆಡ್ಡು." ಹಳದಿಯ ಮೇಲೆ ಕೆಂಪು ಅಕ್ಷರ, ಬೀದಿಯ ಆ ತುದಿಯಿಂದಲೇ ಓದಬಹುದು. ಬ್ರೆಡ್ಡು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿದೆ. ಒಬ್ಬರು ಯಾರ ಮೇಲೆ ಗೆದ್ದಿತು ಅಂತ ಕೇಳಿದರು. ಹುಲ್ಲಿನ ಮೇಲೆ ಅಂದೆ. ಸರಿ ತಾನೆ?

ನಿನ್ನ ಭಾವ ಮಾತ್ರ ನಿನ್ನ ಕಾಗದವನ್ನು ಮೂರು ಸಲ ಓದಿ, "ಗೆದ್ದಿದೆ ಅಂತ ಇದ್ರಲ್ಲಿ ಎಲ್ಲಿದೆ?" ಅಂದರು. ಎಲ್ಲವನ್ನೂ ಬರೆದು ಹೇಳಬೇಕಾ? ನನ್ನ ತಂಗಿ ಮೊದಲಿಂದಲೂ ಜಂಬ ಕೊಚ್ಚುವವಳಲ್ಲ.

ಕೆಮ್ಮು ಹೋಯಿತು. ಖುಷಿಗೇ ಹೋಯಿತು.

ಅಕ್ಕ


ಮಾರ್ಚ್ 8

ಪ್ರೀತಿಯ ಅಕ್ಕನಿಗೆ,

ಬೋರ್ಡು ಸ್ವಲ್ಪ ಚಿಕ್ಕದಿರಬಹುದಿತ್ತೇನೋ. ಪರಿಶೀಲನೆ ಇನ್ನೂ ಮುಗಿದಿಲ್ಲವಲ್ಲ.

ಒಂದು ಸಣ್ಣ ಸಮಾಚಾರ. ಮೊನ್ನೆ ಬೆಂಚು ಒರೆಸುವಾಗ ಮುದುಕಿಯ ಬಾಟಲಿ ಕೈಜಾರಿ ಬಿತ್ತು. ಇನ್ನೊಂದು ಚಮಚ ಕಳಿಸಬಹುದಾ? ಸ್ವಲ್ಪ ಬೇಗ. ಕಾರಣ ಏನೂ ಇಲ್ಲ, ಬೇಗ ಬಂದರೆ ಒಳ್ಳೆಯದು ಅಷ್ಟೆ.

ಟವೆಲು ಒಗೆದು ಇಟ್ಟಿದ್ದೇನೆ.

ನಿನ್ನ ತಂಗಿ


ಮಾರ್ಚ್ 13

ತಂಗೀ,

ನಿನ್ನ ಕೈಗೆ ಗಾಜು ಕೊಟ್ಟದ್ದು ನನ್ನದೇ ತಪ್ಪು. ಅಮ್ಮನ ಎಷ್ಟು ಲೋಟ ಒಡೆದಿದ್ದೀಯ, ಲೆಕ್ಕ ಇದೆಯಾ? ಈ ಸಲ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತೇನೆ.

ಆದರೆ ಹತ್ತು ದಿನ ತಾಳ್ಮೆ ಬೇಕು. ಮುದುಕಿಯನ್ನು ತಯಾರು ಮಾಡುವುದೆಂದರೆ ನೀನು ತಿಳಿದಷ್ಟು ಸುಲಭ ಅಲ್ಲ. ಹೋದ ಸಲವೂ ಎಷ್ಟು ಕಷ್ಟಪಟ್ಟೆ ಗೊತ್ತಾ? ಬೆಳಿಗ್ಗೆ ಸಂಜೆ ಹಳೆಯ ಹಿಟ್ಟನ್ನೆಲ್ಲ ತೆಗೆದು ಎಸೆದು, ಕಡಲೆಯಷ್ಟು ಮಾತ್ರ ಉಳಿಸಿಕೊಂಡು, ಅದಕ್ಕೆ ಬಟ್ಟಲು ತುಂಬ ಒಳ್ಳೆಯ ಬಿಳಿ ಹಿಟ್ಟು, ಉಗುರು ಬೆಚ್ಚಗಿನ ನೀರು, ಒಂದು ಚಿಟಿಕೆ ಸಕ್ಕರೆ. ಮತ್ತೆ ತೆಗೆಯುವುದು, ಮತ್ತೆ ಹಾಕುವುದು. ಹುಳಿ ನಾತ ಪೂರ್ತಿ ಹೋಗಿ ಎಳೆ ಮಗುವಿನ ತಲೆಯ ಹಾಗೆ ಘಮ್ಮೆನ್ನುವವರೆಗೆ ಬಿಡಲಿಲ್ಲ. ಎಂಥಾ ಜಾಗಕ್ಕೆ ಹೋಗುವವಳು, ಆ ಹುಳಿ ಮೈಯಲ್ಲಿ ಕಳಿಸುವುದಕ್ಕಾಗುತ್ತದಾ?

ಈ ಸಲ ಇನ್ನೂ ಜೋರಾಗಿ ನಡೆಸಿದ್ದೇನೆ. ಜಾಡಿಯಲ್ಲಿದ್ದದ್ದನ್ನೆಲ್ಲ ಹೊಸದು ಮಾಡಿ, ಜಾಡಿಯನ್ನೂ ಬಿಸಿನೀರಲ್ಲಿ ಉಜ್ಜಿಟ್ಟೆ. ಮುದುಕಿ ಈಗ ಹದಿನಾರರ ಹುಡುಗಿ. ಬ್ರೆಡ್ಡಿನಲ್ಲಿ ಹುಳಿಯೇ ಇಲ್ಲ, ಸಪ್ಪೆ ಅಂತ ಟೈಲರ್ ಗೊಣಗಿದ. ಅವನಿಗೇನು ಗೊತ್ತು.

ಅಕ್ಕ

(ನಿನ್ನ ಅಕ್ಕ ಅಂಟು ಹಚ್ಚುವ ಮೊದಲು ಇಷ್ಟು ಬರೆಯುತ್ತಿದ್ದೇನೆ. ಬಾಟಲಿ ನಿಜವಾಗಿ ಬಿತ್ತೇನಮ್ಮ? ಬೋರ್ಡಿನ ಮುಂದೆ ನಿಂತುಕೊಳ್ಳುವವನು ನಾನು. ಭಾವ)


ಮಾರ್ಚ್ 18

ಅಕ್ಕಾ,

ನಿಲ್ಲಿಸು. ಈ ಕಾಗದ ಕೈಗೆ ಸಿಕ್ಕ ಕ್ಷಣದಿಂದ ಮುದುಕಿಗೆ ಊಟ ಹಾಕಬೇಡ. ಹಿಟ್ಟಿಲ್ಲ, ನೀರಿಲ್ಲ, ಸಕ್ಕರೆಯ ಮಾತೇ ಬೇಡ.

ಬಾಟಲಿ ಬೀಳಲಿಲ್ಲ. ಭಾವನಿಗೂ ಹೇಳು. ಮುದುಕಿಯ ಯೀಸ್ಟ್ ರಸಕ್ಕೆ ಹಾಕಿದ ಮರುದಿನವೇ ಸತ್ತಿತ್ತು. ತಿಳಿಯಾದ ಫ್ಲಾಸ್ಕೆಂದರೆ ಸತ್ತ ಫ್ಲಾಸ್ಕು ಅಕ್ಕ, ಮೊದಲ ಕಾಗದದಲ್ಲೇ ಬರೆದಿದ್ದೆ, ನೀನು ಬೇಗ ಬೇಗ ಓದಿದ ಕಡೆ. ಸತ್ತಿತು ಎಂದು ಬರೆಯಲು ಕೈ ಬರದೆ ಕಿಟಕಿ, ಸೈಕಲ್ ಸ್ಟ್ಯಾಂಡು ಎಂದೆಲ್ಲ ಬರೆದೆ. ನೀನು ಬೋರ್ಡು ಹಾಕಿಸಿಬಿಟ್ಟೆ. ಅದಾದ ಮೇಲೆ ನಾನು ಹೇಳುವುದಾದರೂ ಹೇಗೆ? ಪರಿಶೀಲನೆಗೆ ಏನು ತೋರಿಸಬೇಕೆಂದು ತಿಳಿಯದೆ, ಬೆಂಚು ಖಾಲಿ ಮಾಡಲು ಮನಸ್ಸಿನಲ್ಲೇ ತಯಾರಾಗಿದ್ದೆ.

ನಿನ್ನೆ ಬಂದ ನಿನ್ನ ಕಾಗದವನ್ನು ಬೆಂಚಿನ ಮುಂದೆಯೇ ನಿಂತು ಓದಿದೆ. "ಎಳೆ ಮಗುವಿನ ತಲೆಯ ಹಾಗೆ" ಎಂಬಲ್ಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. ಕನ್ನಡಕದ ಹುಡುಗಿ ಗಾಬರಿಯಾಗಿ, "ಯಾರಿಗೇನಾಯ್ತು?" ಅಂದಳು. "ನಮ್ಮಕ್ಕ ಮುದುಕೀನ ಸಾಕಿ ಸಾಕಿ ಸಾಯಿಸಿದಾಳೆ ಕಣೇ" ಅಂದೆ. ಅವಳು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು.

ಈಗ ಇದನ್ನು ನಿಧಾನವಾಗಿ ಓದು. ಹುಳಿಯಲ್ಲಿ ಬದುಕುವ ಯೀಸ್ಟ್ ಹುಟ್ಟಿನಿಂದ ಗಟ್ಟಿಯಲ್ಲ, ತಯಾರಿಯಿಂದ ಗಟ್ಟಿ. ಆಮ್ಲ ನುಸುಳುವ ದಾರಿಗಳನ್ನು ಅದು ಮುಚ್ಚಿಕೊಂಡಿರುತ್ತದೆ. ಹುಳಿಯನ್ನು ಎತ್ತಿ ಹಾಕುವ ಪಂಪುಗಳನ್ನು ಹೊರಗೋಡೆಯ ಉದ್ದಕ್ಕೂ ಕೂರಿಸಿಕೊಂಡಿರುತ್ತದೆ. ಅದಕ್ಕೆಲ್ಲ ಖರ್ಚು ಜಾಸ್ತಿ. ಸುತ್ತ ಸಿಹಿಯೇ ಇದ್ದರೆ ಅದನ್ನೆಲ್ಲ ಇಟ್ಟುಕೊಂಡು ಯಾಕೆ ಕೂರಬೇಕು? ಒಂದೊಂದಾಗಿ ಕಳಚಿಬಿಡುತ್ತದೆ. ನೀನು ಬಟ್ಟಲು ತುಂಬ ಊಟ ಹಾಕಿದ ದಿನಗಳಲ್ಲಿ ಅದು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಹಡೆದಿದೆ. ಅವು ಯಾವುವೂ ಹುಳಿಯ ಮುಖ ಕಂಡವಲ್ಲ. ಅಂಥವನ್ನು ನಾನು ನೇರ ರಸಕ್ಕೆ ದಬ್ಬಿದೆ.

ಹುಳಿ ಬಂದು, ಮುಚ್ಚಳ ತೆಗೆದರೆ ಕಣ್ಣುರಿಯುವಂತಾದ ಮೇಲೆ ಕಳಿಸು. ಪರಿಶೀಲನೆ ಏಪ್ರಿಲ್ ಆರಕ್ಕೆ. ಮುಖ ತೊಳೆಸಬೇಡ.

ನಿನ್ನ ತಂಗಿ


ಮಾರ್ಚ್ 26

ತಂಗೀ,

ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ನೀನು ಅಷ್ಟು ದೂರ ಇರುವುದರಿಂದ ನಿನಗೆ ತಿಳಿಯಲಿಲ್ಲ ಅಷ್ಟೆ. ಸಾಕಿ ಸಾಯಿಸಿದಳು ಅಂತ ಹೊರಗಿನವರ ಮುಂದೆ ಹೇಳುವುದಾ?

ನಿನ್ನ ಭಾವ ಕಾಗದ ಓದಿ ನಕ್ಕು ನಕ್ಕು ಹಿಟ್ಟಿನ ಮೂಟೆಯ ಮೇಲೆ ಕೂತರು. ಎದ್ದಾಗ ಪ್ಯಾಂಟಿನ ಹಿಂದೆಲ್ಲ ಬಿಳಿ. ಹಾಗೇ ಬೀದಿಯೆಲ್ಲ ತಿರುಗಿ ಬ್ರೆಡ್ಡು ಹಂಚಿ ಬಂದರು, ನಾನು ಹೇಳಲಿಲ್ಲ.

ಹುಳಿ ಬರಿಸುವುದು ನನಗೆ ಎಂಥಾ ಶಿಕ್ಷೆ ಅಂತ ನಿನಗೆ ಗೊತ್ತಿಲ್ಲ. ಮುದುಕಿ ಮೊದಲ ದಿನ ಉಬ್ಬಿದಳು, ಆಮೇಲೆ ಕುಸಿದಳು, ಮೇಲೆ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ತಿರುಗಿದಳು. ಕಪಾಟಿನ ಮುಂದೆ ಹೋಗುವಾಗೆಲ್ಲ ಹಿಟ್ಟಿನ ಡಬ್ಬಕ್ಕೆ ಕೈ ಹೋಗುತ್ತಿತ್ತು. "ಒಂದೇ ಚಮಚ, ಅವಳಿಗೆ ಗೊತ್ತಾಗಲ್ಲ" ಅಂದೆ. ನಿನ್ನ ಭಾವ ಕಪಾಟಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗಿಳಿಸಿದರು. ಮದುವೆಯಾದಾಗಿನಿಂದ ಇವರು ನನ್ನ ಮಾತು ಮೀರಿದ್ದು ಇದೇ ಮೊದಲು. ಮುಖ ನೋಡಬೇಕಿತ್ತು, ಊರು ಗೆದ್ದವರ ಹಾಗಿತ್ತು.

ಇವತ್ತು ಬೀಗ ತೆಗೆದಾಗ ಇಬ್ಬರ ಕಣ್ಣಲ್ಲೂ ನೀರು. ಹಾಗೇ ತುಂಬಿ ಕಳಿಸಿದ್ದೇನೆ. ಡಬ್ಬಿಯನ್ನೂ ಒರೆಸಲಿಲ್ಲ.

ಬೋರ್ಡಿನಲ್ಲಿ "ಗೆದ್ದ" ಅನ್ನುವುದರ ಮೇಲೆ ಕಾಗದ ಅಂಟಿಸಿದೆ. ಈಗ ಬಂದವರೆಲ್ಲ ಅಲ್ಲಿ ಏನಿತ್ತು ಅಂತ ಊಹೆ ಮಾಡುತ್ತಿದ್ದಾರೆ. "ಕದ್ದ" ಅಂದ ಟೈಲರ್.

ಅಕ್ಕ


ಏಪ್ರಿಲ್ 7

ಪ್ರೀತಿಯ ಅಕ್ಕನಿಗೆ,

ಕದಡಿತು.

ಮೊದಲ ದಿನ ತಿಳಿಯಾಗಿಯೇ ಇತ್ತು. ಎರಡನೆಯ ದಿನವೂ. ಮೇಡಂ ಬಂದು ನೋಡಿ ಏನೂ ಅನ್ನದೆ ಹೋದರು. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು ನೋಡಿದೆ, ಫ್ಲಾಸ್ಕಿನ ಹಿಂದಿನ ಕಿಟಕಿ ಕಾಣಲಿಲ್ಲ. ಬಿಸಿಲು ಅದರ ಮೇಲೆ ಬಿದ್ದು ಅಲ್ಲೇ ನಿಂತಿತ್ತು. ಎಷ್ಟೋ ಕವಿತೆಗಳಲ್ಲಿ ತಿಳಿನೀರಿನ ಹೊಗಳಿಕೆ ಓದಿದ್ದೇನೆ. ಕದಡಿದ ನೀರು ಇಷ್ಟು ಚೆಂದ ಎಂದು ಯಾರೂ ನನಗೆ ಹೇಳಿರಲಿಲ್ಲ. ಕನ್ನಡಕದ ಹುಡುಗಿ ನನ್ನ ಕೈ ಹಿಡಿದು ಕುಣಿಸಿದಳು. ನನ್ನ ಸೊಂಟದ ಗತಿ ಕೇಳಬೇಡ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಲ್ಯಾಬಿನ ಸಾಧಾರಣ ಯೀಸ್ಟಿಗೆ ಮೊದಲು ಸ್ವಲ್ಪವೇ ಹುಳಿ ಕೊಟ್ಟು ಅಭ್ಯಾಸ ಮಾಡಿಸಿ, ಆಮೇಲೆ ರಸಕ್ಕೆ ಹಾಕಿದೆ. ಅದೂ ಬದುಕಿತು.

ಆದರೆ ಪರಿಶೀಲನೆ ಅರ್ಧ ಮಾತ್ರ ಗೆದ್ದಂತಾಯಿತು. ಎಲ್ಲ ತೋರಿಸಿದೆ. ಮೊದಲ ಸಲ ಯಾಕೆ ಸತ್ತಿತು ಎಂದು ಕೇಳಿದಾಗ ನಿನ್ನ ಆರೈಕೆಯನ್ನೂ ಹೇಳಬೇಕಾಯಿತು. ಕೊಠಡಿಯೆಲ್ಲ ನಕ್ಕಿತು, ಮೇಡಂ ಕೂಡ. ಆಮೇಲೆ ಅವರೇ ಹೇಳಿದರು: "ಅಭ್ಯಾಸ ಮಾಡಿಸಿದ್ರೆ ಯೀಸ್ಟ್ ಆಮ್ಲ ತಡ್ಕೊಳುತ್ತೆ ಅನ್ನೋದು ಬೇರೆಯವರಿಗೂ ಗೊತ್ತಿರೋದೇ. ನಿಮ್ಮದು ಅಂತ ಹೊಸ ಪ್ರಶ್ನೆ ಯಾವುದು? ಎರಡು ವಾರದಲ್ಲಿ ಅದನ್ನ ತಂದ್ರೆ ಬೆಂಚು ನಿಮ್ಮದು." ಅವರು ಹೇಳಿದ್ದು ನ್ಯಾಯವೇ. ಅದಕ್ಕೇ ಇನ್ನೂ ಪೂರ್ತಿ ಕುಣಿದಿಲ್ಲ.

ಒಂದು ವಿಷಯ ಹೇಳುತ್ತೇನೆ. ರಸಕ್ಕೆ ಬಿದ್ದ ಯೀಸ್ಟೆಲ್ಲ ಏಳುವುದಿಲ್ಲ. ಒಂದೇ ತಾಯಿಯ ಮಕ್ಕಳು, ಒಂದೇ ಹಿಟ್ಟಿನಿಂದ ಬಂದವು, ಆದರೂ ಕೆಲವು ಮಾತ್ರ ತಲೆಯೆತ್ತುತ್ತವೆ. ಅವೇ ಹೆಚ್ಚಿ ಹೆಚ್ಚಿ ಫ್ಲಾಸ್ಕು ತುಂಬುತ್ತವೆ.

ನಿನ್ನ ತಂಗಿ


ಏಪ್ರಿಲ್ 12

ತಂಗೀ,

ಈ ಸಲ ಒಂದಕ್ಷರ ಬಿಡದೆ ಓದಿದೆ. ಅರ್ಥವಾಗದ ಕಡೆ ನಿನ್ನ ಭಾವನಿಂದ ಓದಿಸಿದೆ. ಅವರಿಗೂ ಅರ್ಥವಾಗಲಿಲ್ಲ, ಆದರೆ ಗಟ್ಟಿಯಾಗಿ ಓದಿದರು.

ಕೊಠಡಿಯೆಲ್ಲ ನನ್ನ ಮೇಲೆ ನಕ್ಕಿತಂತೆ. ನಗಲಿ. ನಿನ್ನ ಮೇಡಮ್ಮಿಗೆ ಹೇಳು, ಅವರು ಯಾವಾಗಲಾದರೂ ಈ ಕಡೆ ಬಂದರೆ ಅವರನ್ನೂ ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ. ಸಾಯುವುದಿಲ್ಲ, ಹೆದರುವುದು ಬೇಡ.

ಆದರೆ ನೀನು ಕಾಗದವನ್ನು ಎಲ್ಲಿ ನಿಲ್ಲಿಸಿದ್ದೀಯ ನೋಡು. ಕೆಲವು ಎದ್ದವು, ಫ್ಲಾಸ್ಕು ತುಂಬಿತು, ಕೆಳಗೆ ನಿನ್ನ ತಂಗಿ ಅಂತ ಸಹಿ. ಏಳದೇ ಹೋದವು ಏನಾದವು? ಅವೂ ಅದೇ ತಾಯಿಯ ಮಕ್ಕಳು ಅಂತ ನೀನೇ ಬರೆದಿದ್ದೀಯ. ಅವು ಸತ್ತವಾ, ಸುಸ್ತಾಗಿ ಕೂತಿವೆಯಾ? ಯಾರಾದರೂ ಹೋಗಿ ನೋಡಿದರಾ? ಎದ್ದವರ ಸುತ್ತ ನಿಂತು ಕುಣಿದಿರಿ, ಸರಿ. ಮಲಗಿದವರನ್ನು ಎತ್ತಿ ಕೂರಿಸಿ ಒಂದು ತುತ್ತು ಕೊಡಬೇಡವಾ? ಪರೀಕ್ಷೆಯಂತೂ ಮುಗಿಯಿತಲ್ಲ, ಈಗಲೂ ಉಪವಾಸವಾ?

ಎರಡು ರಾತ್ರಿಯಿಂದ ಅದೇ ತಲೆಯಲ್ಲಿದೆ. ನಿನ್ನ ಭಾವ, "ಕಣ್ಣಿಗೇ ಕಾಣದೇ ಇರೋದಕ್ಕೆಲ್ಲ ಊಟದ ಚಿಂತೆ ಮಾಡ್ತೀಯಲ್ಲೇ" ಅಂದರು. ಕಾಣದಿದ್ದರೆ ಹಸಿವಾಗುವುದಿಲ್ಲವಾ?

ತಿಳಿದುಕೊಂಡು ಬರಿ.

ಅಕ್ಕ


ಏಪ್ರಿಲ್ 21

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಾನು ನೋಡಿರಲಿಲ್ಲ. ನಮ್ಮ ಕಣ್ಣೆಲ್ಲ ಎದ್ದವುಗಳ ಮೇಲೆಯೇ ಇತ್ತು. ಏಳದವುಗಳನ್ನು ಸತ್ತವುಗಳ ಜೊತೆಗೇ ಸೇರಿಸಿ, ರಸದ ಜೊತೆ ಚೆಲ್ಲುತ್ತಿದ್ದೆ.

ಹೊಸದಾಗಿ ಮತ್ತೆ ರಸಕ್ಕೆ ಯೀಸ್ಟ್ ಹಾಕಿದೆ. ಮೊದಲ ಕೆಲವು ತಲೆಯೆತ್ತುತ್ತಿದ್ದ ಹಾಗೆಯೇ ಎಲ್ಲವನ್ನೂ ಹುಳಿ ರಸದಿಂದ ಹೊರತೆಗೆದು ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಏಳದವುಗಳನ್ನು ಬೇರೆ ಮಾಡಿದೆ. ಕಣ್ಣು ಉರಿದುಹೋಯಿತು. ಕನ್ನಡಕದ ಹುಡುಗಿ ಪಕ್ಕದಲ್ಲಿ ಕೂತು ನೆರವಾದಳು. ಆಮೇಲೆ ಅವಕ್ಕೆ ನೀನು ಮುದುಕಿಗೆ ಮಾಡಿದ್ದನ್ನೇ ಮಾಡಿದೆ. ಹುಳಿಯ ಸೋಂಕಿಲ್ಲದ ಉಗುರು ಬೆಚ್ಚಗಿನ ನೀರು, ಸಕ್ಕರೆ, ಹೊಟ್ಟೆ ತುಂಬ ಊಟ.

ಕೆಲವು ನಿಜವಾಗಿ ಸತ್ತಿದ್ದವು. ಬಹಳಷ್ಟು ಸತ್ತಿರಲಿಲ್ಲ. ಒಂದೊಂದೇ ನಿಧಾನವಾಗಿ ಮೊಗ್ಗು ಬಿಟ್ಟವು. ಯೀಸ್ಟ್ ಮರಿ ಹಾಕುವುದು ಹಾಗೆಯೇ, ಪಕ್ಕದಲ್ಲಿ ಒಂದು ಸಣ್ಣ ಮೊಗ್ಗು ಮೂಡುತ್ತದೆ.

ಮೇಡಮ್ಮನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು. ಈ ಸಲ ಮಾತಾಡಿದರು. "ಇವು ಏಳದೆ ಕೂತಿದ್ದು ಯಾಕೆ? ಕೂತಷ್ಟು ಹೊತ್ತು ಒಳಗೆ ಏನ್ ಮಾಡ್ತಿದ್ವು?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ವಾ?"

"ಇಲ್ಲ."

"ಹಾಗಾದ್ರೆ ಇದೇ ನಿಮ್ಮ ಪ್ರಶ್ನೆ," ಎಂದು ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿಂದ ಬಂತು ಇದು ನಿಮ್ಮ ತಲೆಗೆ?"

ಅಕ್ಕ ಕೇಳಿದಳು, ಇವಕ್ಕೆ ಊಟ ಆಯಿತಾ ಎಂದು, ಅಂದೆ. ಅವರು ನಗಲಿಲ್ಲ. "ನಮ್ಮಮ್ಮಾನೂ ಫೋನ್ ಮಾಡಿದಾಗೆಲ್ಲ ಮೊದ್ಲು ಅದನ್ನೇ ಕೇಳೋದು" ಅಂದರು.

ಬೆಂಚು ನನ್ನದೇ ಅಕ್ಕ. ಮುಂದಿನ ಮೂರು ವರ್ಷಕ್ಕೆ. ಈ ಕಾಗದ ಇನ್ನೂ ಉದ್ದ ಬರೆಯುವ ಆಸೆ ಇತ್ತು, ಆದರೆ ಏಳಬೇಕು. ಅವಕ್ಕೆ ಊಟದ ಹೊತ್ತಾಯಿತು.

ನಿನ್ನ ತಂಗಿ